ಸೇತುವೆಯ ನಾಡಿಪರೀಕ್ಷೆ

೧೯೬೭ನೆಯ ಇಸವಿ ಡಿಸೆಂಬರ್ ೧೫, ಶುಕ್ರವಾರ. ಸಂಜೆ ಐದು ಗಂಟೆಯ ಸಮಯ. ಅಮೆರಿಕದ ಪಶ್ಚಿಮ ವರ್ಜೀನಿಯ ಸಂಸ್ಥಾನದ ಪಾಯಿಂಟ್ ಪ್ಲೆಸೆಂಟ್ ಎಂಬ ಊರಿನ ಬಳಿ ಒಹಾಯೋ ನದಿಗೆ ಅಡ್ಡಲಾಗಿ ಒಂದು ತೂಗುಸೇತುವೆ ಇದ್ದಿತು. ಅದಕ್ಕೆ ಬಳಿದಿದ್ದ ಅಲ್ಯೂಮಿನಿಯಂ ಬಣ್ಣದ ಹೊಳಪಿನಿಂದಾಗಿ ಜನ ಅದನ್ನು ‘ಸಿಲ್ವರ್ ಬ್ರಿಜ್’, ಎಂದರೆ ಬೆಳ್ಳಿ ಸೇತುವೆ, ಎಂದು ಕರೆಯುತ್ತಿದ್ದರು. ಕ್ರಿಸ್‌ಮಸ್ ಹಬ್ಬ ಸಮೀಪಿಸಿದ್ದಿತು. ಪೇಟೆಯಿಂದ ಸಾಮಾನು ಕೊಂಡು ಹಿಂದಿರುಗುವವರ, ಕೆಲಸ ಮುಗಿಸಿ ಮನೆಗೆ ಹೊರಟವರ ವಾಹನಗಳು ಸೇತುವೆಯ ಮೇಲೆ ಸಾಲುಗಟ್ಟಿ ನಿಂತಿದ್ದುವು. ಇದ್ದಕ್ಕಿದ್ದಂತೆ ಸೇತುವೆ ಅಲುಗಿತು. ಒಂದು ನಿಮಿಷ ಕಳೆಯುವುದರೊಳಗಾಗಿ ಗೋಪುರಗಳ ಸಹಿತ ನದಿಗೆ ಕುಸಿಯಿತು. ೩೧ ವಾಹನಗಳು ಅದರೊಡನೆ ಕೆಳಗೆ ಬಿದ್ದುವು. ೪೬ ಮಂದಿ ಮಡಿದರು.

ಆ ಸೇತುವೆಯನ್ನು ಕಟ್ಟಿದುದು ೧೯೨೮ರಲ್ಲಿ. ಮೂವತ್ತೊಂಬತ್ತು ವರ್ಷಗಳ ಕಾಲ ಎಡೆಬಿಡದೆ ದುಡಿದ ಕಟ್ಟಡವೊಂದು ಒಂದು ನಿಮಿಷದಲ್ಲಿ ಇಲ್ಲವಾದುದು ಹೇಗೆ? ನದಿಯಿಂದ ಮೇಲೆತ್ತಿದ ತುಂಡುಗಳನ್ನು ಒಂದೊಂದಾಗಿ ಪರಿಶೀಲಿಸಿದ ಮೇಲೆ ತನಿಖೆಗಾರರಿಗೆ ಉತ್ತರ ದೊರೆಯಿತು. ಸಾಮಾನ್ಯವಾದ ದೊಡ್ಡ ತೂಗುಸೇತುವೆಗಳಲ್ಲಿ ಸಾವಿರಾರು ತಂತಿಗಳನ್ನು ಕೂಡಿಸಿ ಮಾಡಿದ ಹಗ್ಗ ಭಾರವನ್ನೆಲ್ಲ ಹೊತ್ತಿರುತ್ತದೆ. ಹತ್ತು ತಂತಿಗಳು ಕಡಿದರೂ ಉಳಿದವು ಆ ಭಾರವನ್ನು ಹಂಚಿಕೊಳ್ಳುತ್ತವೆ. ಬೆಳ್ಳಿ ಸೇತುವೆಯಲ್ಲಿ ಹಗ್ಗದ ಬದಲು, ಸೈಕಲ್ಲಿನ ಸರಪಣಿಯನ್ನು ಹೋಲುವ ಉಕ್ಕಿನ ಸರಪಣಿಯಿದ್ದಿತು. ಅದರ ಒಂದೊಂದು ಕೊಂಡಿಯಲ್ಲಿಯೂ ಇದ್ದುದು ಎರಡೇ ಉಕ್ಕಿನ ಪಟ್ಟಿಗಳು. ಇಂತಹ ಒಂದು ಪಟ್ಟಿಯ ತುದಿಯಲ್ಲಿ, ಕೀಲು ತೂರುವ ರಂಧ್ರದ ಅಂಚಿನಲ್ಲಿ, ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕೊಂದು ತುಕ್ಕು ಮತ್ತು ಎಳೆತಗಳ ಜಂಟಿ ಪ್ರಭಾವದಿಂದ ವರ್ಷಗಳ ಕಾಲ ಮೆಲ್ಲಮೆಲ್ಲನೆ ಬೆಳೆದಿದ್ದಿತು. ಅಂದು ಆ ಪಟ್ಟಿ ಥಟ್ಟನೆ ಮುರಿಯಿತು. ಜೊತೆಯ ಪಟ್ಟಿ ಒಂಟಿಯಾಗಿ ನಿಲ್ಲಲಾರದೆ ಕೀಲಿನಿಂದ ಜಾರಿತು, ಸರಪಣಿ ಕಳಚಿತು, ಮಿಕ್ಕುದೆಲ್ಲ ಅದರ ಹಿಂದೆಯೇ ಹೋಯಿತು.

ಇನ್ನೂ ಕಳವಳದ ಸಂಗತಿಯೊಂದುಂಟು. ಹಿಂದಿನ ದಿನವೇ ಪರೀಕ್ಷಕನೊಬ್ಬನು ಬಂದು ನೋಡಿದ್ದರೂ ಆ ಬಿರುಕು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಕೀಲನ್ನು ಬಿಚ್ಚದೆ ಅದನ್ನು ಕಾಣುವ ಉಪಾಯವೇ ಇರಲಿಲ್ಲ. ಅದೇ ನದಿಯ ಮೇಲೆ ಸೇಂಟ್ ಮೇರೀಸ್ ಎಂಬಲ್ಲಿ ಇದೇ ಮಾದರಿಯ ಮತ್ತೊಂದು ಸೇತುವೆಯಿದ್ದಿತು. ಅದು ಗಟ್ಟಿಯಾಗಿದೆಯೆಂದು ತೋರಿಸಿಕೊಡುವ ದಾರಿ ಯಾರಿಗೂ ಕಾಣದೆ ಅದನ್ನು ಮುಚ್ಚಿ, ೧೯೭೧ರಲ್ಲಿ ಕೆಡವಿದರು.

ಈ ದುರಂತದ ಫಲವಾಗಿ ಅಮೆರಿಕದಲ್ಲಿ ೧೯೬೮ರಲ್ಲಿ ಶಾಸನವೂ ೧೯೭೧ರಲ್ಲಿ ಅದನ್ನನುಸರಿಸಿದ ನಿಯಮಗಳೂ ಬಂದುವು. ದೇಶದ ಹೆದ್ದಾರಿ ಸೇತುವೆಗಳನ್ನೆಲ್ಲ ಪಟ್ಟಿಮಾಡತಕ್ಕದ್ದು. ತರಬೇತಾದ ಪರೀಕ್ಷಕರು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅವುಗಳನ್ನು ಪರೀಕ್ಷಿಸತಕ್ಕದ್ದು. ಸೇತುವೆಯ ಸ್ಥಿತಿಯನ್ನು ಅಂಕದಲ್ಲಿ ಬರೆದಿಡತಕ್ಕದ್ದು ಎಂದು ಗೊತ್ತಾಯಿತು. ಇಂದು ಆ ಪಟ್ಟಿಯಲ್ಲಿ ೬ ಲಕ್ಷಕ್ಕೂ ಹೆಚ್ಚು ಸೇತುವೆಗಳಿವೆ. ಅಲ್ಲಿಂದೀಚಿನ ಅನುಭವವನ್ನೆಲ್ಲ ಕೂಡಿಸಿ ನೋಡಿದರೆ, ಸೇತುವೆಯ ಪರೀಕ್ಷೆಯೆಂಬುದು ಒಂದು ಕೆಲಸವಲ್ಲ, ಮೂರು ಕೆಲಸ ಎಂಬುದು ಮನದಟ್ಟಾಗುತ್ತದೆ: ಹತ್ತಿರ ಹೋಗಿ ನೋಡುವುದು, ಕಂಡುದನ್ನು ಲೆಕ್ಕಕ್ಕೆ ತರುವುದು, ಲೆಕ್ಕ ಹೇಳಿದುದನ್ನು ಮಾಡುವುದು. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಉಳಿದೆರಡು ವ್ಯರ್ಥ.

ಭಾರ ಇಳಿಯುವ ದಾರಿ

ಪರೀಕ್ಷಕನು ಏನನ್ನು ನೋಡುತ್ತಾನೆಂದು ತಿಳಿಯಬೇಕಾದರೆ, ಮೊದಲು ಸೇತುವೆಯ ಮೇಲೆ ಹೋಗುವ ಲಾರಿಯ ಭಾರ ನೆಲವನ್ನು ಮುಟ್ಟುವುದು ಹೇಗೆಂಬುದನ್ನು ತಿಳಿಯಬೇಕು. ಚಕ್ರದ ಭಾರವನ್ನು ಮೊದಲು ತಾಳುವುದು ಸೇತುವೆಯ ಹಾಸು. ನಾವು ನಡೆಯುವ, ವಾಹನಗಳು ಓಡುವ ಕಾಂಕ್ರೀಟಿನ ಹಲಗೆ ಇದು. ಹಾಸು ತನ್ನ ಭಾರವನ್ನು ಕೆಳಗಿನ ತೊಲೆಗಳಿಗೋ ಕಮಾನಿಗೋ ಉಕ್ಕಿನ ಚೌಕಟ್ಟಿಗೋ ಒಪ್ಪಿಸುತ್ತದೆ. ಇದನ್ನು ಮೇಲ್ರಚನೆ ಎನ್ನೋಣ. ಮೇಲ್ರಚನೆಯು ಬೇರಿಂಗುಗಳೆಂಬ ಪೀಠಗಳ ಮೇಲೆ ಕುಳಿತಿರುತ್ತದೆ. ಅಲ್ಲಿಂದ ಭಾರ ಕಂಬಗಳಿಗೂ ದಡದ ಆಧಾರಗೋಡೆಗಳಿಗೂ ಇಳಿದು, ಅವುಗಳ ತಳಹದಿಯ ಮೂಲಕ ನೆಲವನ್ನು ಸೇರುತ್ತದೆ. ಇದು ತಳರಚನೆ. ಹಾಸು, ಮೇಲ್ರಚನೆ, ತಳರಚನೆ ಈ ಮೂರಕ್ಕೂ ಬೇರೆಬೇರೆಯಾಗಿ ಅಂಕ ಕೊಡುವುದು ಪದ್ಧತಿ.

ಬೇರಿಂಗು ಏತಕ್ಕೆ ಬೇಕೆಂದು ಕೆಲವರು ಕೇಳಬಹುದು. ಉಕ್ಕು ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವುದು ಎಲ್ಲರಿಗೂ ತಿಳಿದ ವಿಷಯ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿಯೇರಿದರೆ ಮೀಟರಿನ ಹತ್ತು ಲಕ್ಷದಲ್ಲಿ ಸುಮಾರು ೧೨ ಭಾಗದಷ್ಟು ಬೆಳೆಯುತ್ತದೆ. ೧೦೦ ಮೀಟರ್ ಉದ್ದದ ತೊಲೆ ೩೦ ಡಿಗ್ರಿ ಬಿಸಿಯೇರಿದರೆ ೩೬ ಮಿಲಿಮೀಟರ್ ಬೆಳೆಯಬೇಕು. ಹೀಗೆ ಬೆಳೆಯಲು ಎಡೆಯಿರಲೆಂದೇ ಹಾಸಿನಲ್ಲಿ ಸಂದುಗಳನ್ನೂ ತೊಲೆಯ ತುದಿಯಲ್ಲಿ ಸರಿದಾಡುವ ಬೇರಿಂಗುಗಳನ್ನೂ ಇಟ್ಟಿರುತ್ತಾರೆ. ಸಂದಿನಲ್ಲಿ ಕಲ್ಲು ಮಣ್ಣು ತುಂಬಿಕೊಂಡರೆ, ಬೇರಿಂಗು ತುಕ್ಕು ಹಿಡಿದು ಬಿಗಿದುಕೊಂಡರೆ, ತೊಲೆಯು ಕಂಬವನ್ನೇ ತಳ್ಳತೊಡಗುತ್ತದೆ. ಆದುದರಿಂದ ಪರೀಕ್ಷಕನು ಮೇಲೆ ಸಂದಿನ ಅಗಲವನ್ನು ಅಳೆದು, ಅಂದಿನ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತಾನೆ. ಉಷ್ಣತೆ ತಿಳಿಯದೆ ಆ ಅಳತೆಗೆ ಅರ್ಥವಿಲ್ಲ.

ಸೇತುವೆಯ ಶತ್ರುಗಳು

ಸೇತುವೆಗೆ ಶತ್ರುಗಳು ಹಲವು. ಅವುಗಳಲ್ಲಿ ಮುಖ್ಯವಾದುದು ನೀರು. ಕಾಂಕ್ರೀಟಿನಲ್ಲಿ ಹುದುಗಿದ ಕಬ್ಬಿಣದ ಸರಳುಗಳಿಗೆ ಹೊಸದರಲ್ಲಿ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿನ ಕ್ಷಾರಗುಣವು ಅವುಗಳನ್ನು ಕಾಪಾಡುತ್ತದೆ. ಕಾಲಕ್ರಮದಲ್ಲಿ ಗಾಳಿಯ ಇಂಗಾಲಾಮ್ಲವು ಒಳಹೊಕ್ಕು ಆ ಕ್ಷಾರವನ್ನು ಕುಂದಿಸುತ್ತದೆ. ಉಪ್ಪಿನ ಅಂಶ ಸೇರಿದರಂತೂ ಕೆಲಸ ಇನ್ನೂ ಬೇಗ ಆಗುತ್ತದೆ. ಶೀತದೇಶಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು, ಕರಾವಳಿಯಲ್ಲಿ ಕಡಲ ಗಾಳಿ ತರುವ ಉಪ್ಪು, ಎರಡರ ಪರಿಣಾಮವೂ ಒಂದೇ. ತುಕ್ಕು ತನಗೆ ಜನ್ಮವಿತ್ತ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಒಳಗಿನಿಂದ ಹೀಗೆ ಒತ್ತಿದಾಗ ಕಾಂಕ್ರೀಟು ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ.

ಎರಡನೆಯ ಶತ್ರು ಲೋಹದ ದಣಿವು. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯದು; ಅತ್ತಿತ್ತ ಹಲವು ಸಲ ಬಗ್ಗಿಸಿದರೆ ಮುರಿಯುತ್ತದೆ. ಸೇತುವೆಯ ಮೇಲೆ ಹಾಯುವ ಒಂದೊಂದು ಲಾರಿಯೂ ಉಕ್ಕನ್ನು ಒಮ್ಮೆ ಎಳೆದು ಬಿಡುತ್ತದೆ. ಬೆಸುಗೆಯ ದೋಷವಿರುವಲ್ಲಿ, ರಂಧ್ರದ ಅಂಚಿನಲ್ಲಿ, ಮೂಲೆಗಳಲ್ಲಿ ಬಿರುಕು ಹುಟ್ಟಿ ಪ್ರತಿ ಎಳೆತಕ್ಕೂ ಕೂದಲೆಳೆಗಿಂತ ಕಡಿಮೆ ಬೆಳೆಯುತ್ತ ಹೋಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಎಳೆತ ಎರಡು ಪಟ್ಟಾದರೆ ಹಾನಿ ಎಂಟು ಪಟ್ಟಾಗುತ್ತದೆ. ಮಿತಿಮೀರಿ ಭಾರ ಹೇರಿದ ಒಂದು ಲಾರಿ ಎಷ್ಟು ಕೇಡು ಮಾಡಬಲ್ಲುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರನೆಯದು ಹೊಳೆಯ ಕೊರೆತ. ಪ್ರವಾಹದ ನೀರು ಕಂಬಕ್ಕೆ ಬಡಿದು ಸುಳಿಯಾಗಿ ಕೆಳಗಿಳಿದು, ಬುಡದ ಮಣ್ಣನ್ನು ತೋಡಿ ಒಯ್ಯುತ್ತದೆ. ೧೯೮೭ರ ಏಪ್ರಿಲ್ ೫ರಂದು ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಕೋಹ್ಯಾರಿ ಎಂಬ ಹೊಳೆಯ ಮೇಲಿನ ಹೆದ್ದಾರಿ ಸೇತುವೆ ಹೀಗೆಯೇ ಬಿದ್ದು ಹತ್ತು ಜನ ತೀರಿಕೊಂಡರು. ಸೇತುವೆಯ ಮೇಲುಗಡೆ ಎಷ್ಟು ಸೊಗಸಾಗಿದ್ದರೇನು, ಕಾಲಡಿಯ ನೆಲವೇ ಇಲ್ಲವಾದ ಮೇಲೆ? ಈ ಘಟನೆಯಾದ ಬಳಿಕ, ನೀರಿನಲ್ಲಿ ಮುಳುಗಿದ ಕಂಬಗಳನ್ನು ಐದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂಬ ನಿಯಮ ಅಮೆರಿಕದಲ್ಲಿ ಬಂದಿತು. ಕೊರೆತದ ವಂಚನೆಯೊಂದುಂಟು: ಪ್ರವಾಹದ ಭರದಲ್ಲಿ ಆಳವಾದ ಗುಳಿಯು, ನೀರಿಳಿಯುವಾಗ ಸಡಿಲ ಮರಳಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ಬೇಸಗೆಯಲ್ಲಿ ನೋಡಿದವನಿಗೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ; ಆದರೆ ಆ ಸಡಿಲ ಮರಳಿಗೆ ಭಾರ ಹೊರುವ ಶಕ್ತಿಯಿಲ್ಲ.

ತೋಳಿಗೆ ನಿಲುಕುವಷ್ಟು ಹತ್ತಿರ

ಪರೀಕ್ಷಕನು ಹೊರಡುವ ಮೊದಲು ಓದುವ ಪಾಠವೊಂದುಂಟು. ಸೇತುವೆಯ ಮೂಲ ನಕ್ಷೆಗಳು, ಹಿಂದಿನ ವರದಿಗಳು, ಹಿಂದಿನ ಚಿತ್ರಗಳು ಇವನ್ನೆಲ್ಲ ನೋಡಿಕೊಂಡೇ ಅವನು ಸ್ಥಳಕ್ಕೆ ಹೋಗಬೇಕು. ಎರಡು ವರ್ಷದ ಹಿಂದೆ ೧೦ ಸೆಂಟಿಮೀಟರ್ ಉದ್ದವಿದ್ದ ಬಿರುಕು ಇಂದು ೧೦ ಸೆಂಟಿಮೀಟರೇ ಇದ್ದರೆ ಒಂದು ಅರ್ಥ. ೧೪ ಆಗಿದ್ದರೆ ಬೇರೊಂದು ಅರ್ಥ. ಆದುದರಿಂದ ಕಂಡ ಬಿರುಕಿನ ಎರಡು ತುದಿಗಳಲ್ಲಿ ಗೆರೆಯೆಳೆದು ತಾರೀಖನ್ನು ಬರೆದಿಡುವುದು ಪರೀಕ್ಷಕರ ವಾಡಿಕೆ.

ಅವನ ಸಲಕರಣೆಗಳಲ್ಲಿ ಅತ್ಯಂತ ಹಳೆಯದು ಸುತ್ತಿಗೆ. ಗಡಿಗೆ ಕೊಳ್ಳುವವರು ಬೆರಳಿನಿಂದ ತಟ್ಟಿ ಸದ್ದು ಕೇಳುವಂತೆ, ಕಾಂಕ್ರೀಟನ್ನು ತಟ್ಟಿ ಕೇಳುತ್ತಾನೆ. ಗಟ್ಟಿಯಾದ ಕಾಂಕ್ರೀಟು ‘ಠಣ್’ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಪೊಳ್ಳು ಸದ್ದು ಬರುತ್ತದೆ. ಹಾಸಿನ ಮೇಲೆ ಸರಪಣಿಗಳನ್ನು ಎಳೆಯುತ್ತ ನಡೆದು ಇದೇ ಭೇದವನ್ನು ಗುರುತಿಸುವುದೂ ಉಂಟು. ಉಕ್ಕಿನ ಮೇಲೆ ತಂತಿಯ ಬ್ರಷ್ಷಿನಿಂದ ತುಕ್ಕನ್ನು ಉಜ್ಜಿ ತೆಗೆದು, ಉಳಿದ ದಪ್ಪವನ್ನು ಅಳೆಯುತ್ತಾನೆ. ಕಿವಿಗೆ ಕೇಳಿಸದ ಸೂಕ್ಷ್ಮ ಧ್ವನಿಯನ್ನು ಉಕ್ಕಿನೊಳಗೆ ಕಳುಹಿಸಿ, ಅದು ಹಿಂಬದಿಗೆ ತಾಗಿ ಮರಳುವ ಕಾಲದಿಂದ ದಪ್ಪವನ್ನು ಕಂಡುಹಿಡಿಯುವ ಯಂತ್ರವೂ ಇದೆ. ಬಿರುಕಿನ ಸಂಶಯ ಬಂದಲ್ಲಿ ಕೆಂಪು ದ್ರವವನ್ನು ಬಳಿದು, ಒರೆಸಿ, ಬಿಳಿಯ ಪುಡಿಯನ್ನು ಎರಚುತ್ತಾನೆ. ಬಿರುಕಿನೊಳಗೆ ಅಡಗಿದ ದ್ರವವು ಹೊರಬಂದು ಬಿಳಿಯ ಮೇಲೆ ಕೆಂಪು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ನೀರಿನೊಳಗಿನ ಕಂಬಗಳನ್ನು ಮುಳುಗುಗಾರರು ಕೈಯಿಂದ ತಡವಿ ನೋಡುತ್ತಾರೆ. ಕೆಸರು ನೀರಿನಲ್ಲಿ ಕಣ್ಣಿಗಿಂತ ಕೈಯೇ ಹೆಚ್ಚು ನೆರವಾಗುತ್ತದೆ.

ಕೆಲವು ಸೇತುವೆಗಳಲ್ಲಿ ಒಂದೇ ಒಂದು ಅಂಗ ಮುರಿದರೂ ಇಡೀ ಕಟ್ಟಡ ಕುಸಿಯುವ ಅಪಾಯವಿರುತ್ತದೆ. ಬೆಳ್ಳಿ ಸೇತುವೆಯ ಪಟ್ಟಿ ಇಂತಹುದು. ಈ ಅಂಗಗಳನ್ನು ದೂರದಿಂದ ದುರ್ಬೀನು ಹಿಡಿದು ನೋಡಿದರೆ ಸಾಲದು. ತೋಳು ಚಾಚಿದರೆ ಮುಟ್ಟುವಷ್ಟು ಹತ್ತಿರ ಹೋಗಿ ನೋಡಬೇಕೆಂಬುದು ನಿಯಮ. ಈ ನಿಯಮದ ಬೆಲೆ ಎಷ್ಟೆಂಬುದಕ್ಕೆ ೨೦೨೧ರ ಮೇ ೧೧ರ ಘಟನೆ ಸಾಕ್ಷಿ. ಮೆಂಫಿಸ್ ನಗರದ ಬಳಿ ಮಿಸಿಸಿಪಿ ನದಿಯ ಮೇಲೆ ೧೯೭೩ರಿಂದ ಸಂಚಾರಕ್ಕೆ ತೆರೆದಿದ್ದ ಹೆರ್ನಾಂಡೊ ಡಿ ಸೋಟೊ ಸೇತುವೆಯನ್ನು ಅಂದು ಪರೀಕ್ಷಿಸುತ್ತಿದ್ದವರು, ಕಮಾನಿನ ಎರಡು ತುದಿಗಳನ್ನು ಬಿಗಿದು ಹಿಡಿದಿರುವ ಉಕ್ಕಿನ ತೊಲೆಯೊಂದು ದೊಡ್ಡದಾಗಿ ಬಿರಿದಿರುವುದನ್ನು ಕಂಡರು. ಒಡನೆಯೇ ತುರ್ತು ದೂರವಾಣಿಗೆ ಕರೆಮಾಡಿ ವಾಹನಗಳನ್ನೆಲ್ಲ ನಿಲ್ಲಿಸಿಸಿದರು. ಕೆಳಗೆ ದೋಣಿಗಳ ಸಂಚಾರವೂ ಕೆಲವು ದಿನ ನಿಂತಿತು. ದುರಸ್ತಾಗಿ ಸೇತುವೆ ಪೂರ್ತಿಯಾಗಿ ತೆರೆದುದು ಆಗಸ್ಟ್ ತಿಂಗಳಲ್ಲಿ. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ, ೨೦೧೯ರಲ್ಲಿ ಡ್ರೋನ್ ಹಾರಿಸಿ ತೆಗೆದಿದ್ದ ಚಿತ್ರದಲ್ಲಿಯೇ ಆ ಬಿರುಕು ಇದ್ದುದು ತಿಳಿಯಿತು! ಕ್ಯಾಮರಾ ಅದನ್ನು ಕಂಡಿದ್ದಿತು, ಮನುಷ್ಯನು ಕಂಡಿರಲಿಲ್ಲ. ಚಿತ್ರ ತೆಗೆಯುವುದಕ್ಕೂ ನೋಡುವುದಕ್ಕೂ ಇರುವ ಅಂತರ ಇಷ್ಟು.

ಸೊನ್ನೆಯಿಂದ ಒಂಬತ್ತರ ವರೆಗೆ

ಕಂಡುದನ್ನೆಲ್ಲ ಬರೆದುಕೊಂಡ ಮೇಲೆ ಅಂಕದ ಕೆಲಸ. ಅಮೆರಿಕದ ಪದ್ಧತಿಯಲ್ಲಿ ಸೊನ್ನೆಯಿಂದ ಒಂಬತ್ತರ ವರೆಗೆ ಹತ್ತು ಮೆಟ್ಟಲುಗಳಿವೆ. ಅವುಗಳ ಅರ್ಥ ಸ್ಥೂಲವಾಗಿ ಹೀಗಿದೆ:

೯ — ಅತ್ಯುತ್ತಮ, ಹೊಸದರಂತಿದೆ.
೮ — ಬಹಳ ಚೆನ್ನಾಗಿದೆ.
೭ — ಚೆನ್ನಾಗಿದೆ, ಚಿಕ್ಕಪುಟ್ಟ ಕುಂದುಗಳಿವೆ.
೬ — ತೃಪ್ತಿಕರ. ಭಾರ ಹೊರುವ ಅಂಗಗಳಲ್ಲಿ ಅಲ್ಪ ಸವೆತ.
೫ — ಸಾಧಾರಣ; ಮುಖ್ಯ ಅಂಗಗಳು ಗಟ್ಟಿಯಾಗಿವೆ, ಆದರೆ ಅಲ್ಲಲ್ಲಿ ಬಿರುಕು, ಚಕ್ಕೆ, ಕೊರೆತ.
೪ — ಕಳಪೆ. ಸವೆತವೂ ಕೊರೆತವೂ ಮುಂದುವರಿದಿವೆ.
೩ — ಗಂಭೀರ; ಮುಖ್ಯ ಅಂಗಗಳಿಗೇ ಹಾನಿ ತಟ್ಟಿದೆ, ಅಲ್ಲಲ್ಲಿ ಮುರಿಯಬಹುದು.
೨ — ವಿಷಮ. ಕಣ್ಣಿಟ್ಟು ಕಾಯದಿದ್ದರೆ ಮುಚ್ಚಬೇಕಾದೀತು.
೧ — ಬೀಳುವ ಹಂತ; ಸಂಚಾರ ನಿಲ್ಲಿಸಿದೆ, ದುರಸ್ತಿಯ ಆಸೆ ಉಂಟು.
೦ — ಕೆಟ್ಟುಹೋಗಿದೆ, ದುರಸ್ತಿಗೂ ಮೀರಿದುದು.

ಶಾಲೆಯಲ್ಲಿ ಗಣಿತದ ಕಡಿಮೆ ಅಂಕವನ್ನು ಕನ್ನಡದ ಹೆಚ್ಚು ಅಂಕ ಸರಿದೂಗಿಸಿ ಸರಾಸರಿಯನ್ನು ಮೇಲೆತ್ತಬಹುದು. ಸೇತುವೆಗೆ ಈ ದಾಕ್ಷಿಣ್ಯವಿಲ್ಲ. ಹಾಸಿಗೆ ೮, ಮೇಲ್ರಚನೆಗೆ ೭, ತಳರಚನೆಗೆ ೪ ಬಂದರೆ ಆ ಸೇತುವೆ ಕಳಪೆಯೆಂದೇ ಲೆಕ್ಕ; ಮೂರರಲ್ಲಿ ಕನಿಷ್ಠವಾದುದೇ ಅದರ ಅಂಕ. ಭಾರ ಇಳಿಯುವ ದಾರಿಯಲ್ಲಿ ಒಂದು ಕೊಂಡಿ ಕಳಚಿದರೆ ಮಿಕ್ಕವು ಗಟ್ಟಿಯಿದ್ದು ಪ್ರಯೋಜನವೇನು? ಕನಿಷ್ಠ ಅಂಕ ೭ ಅಥವಾ ಮೇಲಿದ್ದರೆ ಉತ್ತಮ, ೫ ಅಥವಾ ೬ ಆದರೆ ಸಾಧಾರಣ, ೪ ಅಥವಾ ಕೆಳಗಾದರೆ ಕಳಪೆ ಎಂದು ಮೂರು ವರ್ಗಗಳನ್ನು ಮಾಡಿದ್ದಾರೆ. ಕಳಪೆಯೆಂದ ಮಾತ್ರಕ್ಕೆ ಸೇತುವೆ ನಾಳೆಯೇ ಬೀಳುವುದೆಂದಲ್ಲ. ಅದನ್ನು ಇನ್ನು ಅಲಕ್ಷಿಸುವಂತಿಲ್ಲ ಎಂದರ್ಥ.

ಈ ಅಂಕ ಎಷ್ಟು ನಂಬತಕ್ಕದ್ದು? ಅಮೆರಿಕದ ಹೆದ್ದಾರಿ ಇಲಾಖೆಯೇ ಒಂದು ಪ್ರಯೋಗ ಮಾಡಿ ೨೦೦೧ರಲ್ಲಿ ಅದರ ವರದಿಯನ್ನು ಪ್ರಕಟಿಸಿತು. ೪೯ ಮಂದಿ ಅನುಭವಿ ಪರೀಕ್ಷಕರಿಗೆ ಅವವೇ ಸೇತುವೆಗಳನ್ನು ತೋರಿಸಿ ಅಂಕ ಕೇಳಿದಾಗ, ಒಂದೇ ಭಾಗಕ್ಕೆ ಸರಾಸರಿ ನಾಲ್ಕೈದು ಬೇರೆಬೇರೆ ಅಂಕಗಳು ಬಂದುವು! ಒಬ್ಬನಿಗೆ ೫ ಆಗಿ ಕಂಡುದು ಇನ್ನೊಬ್ಬನಿಗೆ ೪ ಅಥವಾ ೬. ಇದರಿಂದ ಅಂಕವು ನಿಷ್ಪ್ರಯೋಜಕವೆಂದು ತಿಳಿಯಬಾರದು. ಅಂಕದ ಜೊತೆಗೆ ಅಳತೆಗಳನ್ನೂ ಚಿತ್ರಗಳನ್ನೂ ಇಡುವುದೇಕೆಂಬುದು ಇದರಿಂದ ಗೊತ್ತಾಗುತ್ತದೆ. ‘ತುಕ್ಕು ಹೆಚ್ಚಾಗಿದೆ’ ಎಂಬುದು ಅಭಿಪ್ರಾಯ. ‘೧೨ ಮಿಲಿಮೀಟರಿನ ಫಲಕದಲ್ಲಿ ೯ ಉಳಿದಿದೆ’ ಎಂಬುದು ಪ್ರಮಾಣ.

ಸ್ಥಿತಿಯೇ ಬೇರೆ, ಶಕ್ತಿಯೇ ಬೇರೆ

ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ. ಸ್ಥಿತಿಯ ಅಂಕವು ಸೇತುವೆ ಎಷ್ಟು ಸವೆದಿದೆ ಎಂಬುದನ್ನು ಹೇಳುತ್ತದೆ. ಎಷ್ಟು ಭಾರ ಹೊರಬಲ್ಲುದೆಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಲೆಕ್ಕ ಬೇಕು. ತೊಲೆಯ ಒಟ್ಟು ಶಕ್ತಿಯಿಂದ ಸೇತುವೆಯ ಸ್ವಂತ ಭಾರವನ್ನು ಕಳೆದು, ಉಳಿದುದನ್ನು ವಾಹನದ ಭಾರದಿಂದ ಭಾಗಿಸಿದರೆ ಬರುವ ಸಂಖ್ಯೆ ಒಂದಕ್ಕಿಂತ ಹೆಚ್ಚಿರಬೇಕು. ಇದು ಅದರ ತಿರುಳು. ಎಂಜಿನಿಯರುಗಳು ಇದಕ್ಕೆ ಸುರಕ್ಷತೆಯ ಗುಣಕಗಳನ್ನೂ ಸೇರಿಸುತ್ತಾರೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ತೊಲೆಯ ಶಕ್ತಿ ೧೦೦ ಟನ್, ಸ್ವಂತ ಭಾರ ೬೦ ಟನ್, ವಾಹನದ ಭಾರ ೩೦ ಟನ್ ಎಂದಿಟ್ಟುಕೊಳ್ಳಿ. ೧೦೦ರಲ್ಲಿ ೬೦ ಹೋದರೆ ೪೦. ಅದನ್ನು ೩೦ರಿಂದ ಭಾಗಿಸಿದರೆ ೧.೩೩. ಚಿಂತೆಯಿಲ್ಲ. ಈಗ ತುಕ್ಕಿನಿಂದ ಶಕ್ತಿ ೮೫ಕ್ಕೆ ಇಳಿಯಿತೆನ್ನಿ. ೮೫ರಲ್ಲಿ ೬೦ ಹೋದರೆ ೨೫. ೩೦ರಿಂದ ಭಾಗಿಸಿದರೆ ೦.೮೩. ತೊಲೆ ಕಳೆದುಕೊಂಡುದು ನೂರಕ್ಕೆ ೧೫; ಆದರೆ ವಾಹನಗಳಿಗೆಂದು ಉಳಿದಿದ್ದ ಪಾಲು ೪೦ರಿಂದ ೨೫ಕ್ಕೆ, ಎಂದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು, ಇಳಿಯಿತು. ಸ್ವಂತ ಭಾರ ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ; ನಷ್ಟವೆಲ್ಲ ವಾಹನದ ಪಾಲಿಗೆ. ಇದರ ಮೇಲೆ ರಸ್ತೆಯನ್ನು ನುಣುಪಾಗಿಸಲು ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತ ೧೦ ಟನ್ ಸೇರಿಸಿದರೆ ಉಳಿಯುವುದು ೧೫ ಟನ್. ಭಾಗಲಬ್ಧ ಅರ್ಧಕ್ಕೆ ಇಳಿಯುತ್ತದೆ. ಸಂಖ್ಯೆ ಒಂದಕ್ಕಿಂತ ಕಡಿಮೆಯಾದೊಡನೆ ಭಾರದ ವಾಹನಗಳನ್ನು ತಡೆಯುವ ಫಲಕ ಹಾಕಬೇಕು. ತೀರ ಕಡಿಮೆಯಾದರೆ ಸೇತುವೆಯನ್ನು ಮುಚ್ಚಬೇಕು.

ಈ ಲೆಕ್ಕವನ್ನು ಅಲಕ್ಷಿಸಿದರೆ ಆಗುವುದೇನೆಂಬುದನ್ನು ೨೦೦೭ರ ಆಗಸ್ಟ್ ೧ರಂದು ಮಿನಿಯಾಪೊಲಿಸ್ ನಗರ ಕಂಡಿತು. ಮಿಸಿಸಿಪಿ ನದಿಯ ಮೇಲೆ ೧೯೬೭ರಲ್ಲಿ ತೆರೆದ ಹೆದ್ದಾರಿ ಸೇತುವೆ ಸಂಜೆ ಆರು ಗಂಟೆಯಾದ ಸ್ವಲ್ಪ ಹೊತ್ತಿಗೆ ಕುಸಿದು ೧೩ ಮಂದಿ ಸತ್ತರು. ೧೪೫ ಮಂದಿ ಗಾಯಗೊಂಡರು. ಅದರ ಮೇಲ್ರಚನೆಗೆ ಹಲವು ವರ್ಷಗಳಿಂದ ೪ರ ಅಂಕವಿದ್ದಿತು. ಆದರೆ ಆ ಅಂಕಕ್ಕೆ ಕಾರಣವಾದ ತುಕ್ಕಾಗಲಿ ಬಿರುಕುಗಳಾಗಲಿ ಸೇತುವೆಯನ್ನು ಬೀಳಿಸಲಿಲ್ಲ! ಉಕ್ಕಿನ ಚೌಕಟ್ಟಿನ ತೊಲೆಗಳು ಕೂಡುವಲ್ಲಿ ಅವನ್ನು ಜೋಡಿಸುವ ಫಲಕಗಳು ಒಂದು ಅಂಗುಲದಷ್ಟು ದಪ್ಪವಿರಬೇಕಾದಲ್ಲಿ ಅರ್ಧ ಅಂಗುಲ ಮಾತ್ರ ಇದ್ದುವು. ಇದು ನಕ್ಷೆ ಬರೆದ ದಿನವೇ ನುಸುಳಿದ ತಪ್ಪು. ಮುಂದೆ ಹಾಸನ್ನು ದಪ್ಪಗೊಳಿಸಿದಾಗ, ನಡುಗೋಡೆಯನ್ನು ಕಟ್ಟಿದಾಗ, ಸ್ವಂತ ಭಾರ ಬೆಳೆಯಿತು. ಅಂದು ದುರಸ್ತಿಗಾಗಿ ಮರಳು, ಜಲ್ಲಿ, ಯಂತ್ರಗಳನ್ನು ಆ ದುರ್ಬಲ ಭಾಗದ ಮೇಲೆಯೇ ಒಟ್ಟಿದ್ದರು. ಫಲಕಗಳು ಬಾಗಿರುವುದು ೧೯೯೯ರಲ್ಲಿಯೂ ೨೦೦೩ರಲ್ಲಿಯೂ ತೆಗೆದ ಚಿತ್ರಗಳಲ್ಲಿ ಕಾಣುತ್ತಿದ್ದಿತು. ಅದರ ಅರ್ಥವನ್ನು ಲೆಕ್ಕಹಾಕಿ ನೋಡಿದವರು ಇರಲಿಲ್ಲ.

ಬರೆದುದು ಬರೆದಂತೆಯೇ ಉಳಿದರೆ

ಇನ್ನು ಮೂರನೆಯ ಕೆಲಸ. ೨೦೨೨ರ ಜನವರಿ ೨೮ರ ಬೆಳಗಿನ ಜಾವ ಪಿಟ್ಸ್‌ಬರ್ಗ್ ನಗರದಲ್ಲಿ ಫರ್ನ್ ಹಾಲೋ ಎಂಬ ಸೇತುವೆ ಕಣಿವೆಗೆ ಬಿದ್ದಿತು. ಅಂದೇ ಅಮೆರಿಕದ ಅಧ್ಯಕ್ಷರು ರಸ್ತೆ ಸೇತುವೆಗಳ ಸುಧಾರಣೆಯನ್ನು ಕುರಿತು ಭಾಷಣ ಮಾಡಲು ಆ ನಗರಕ್ಕೆ ಬರುವವರಿದ್ದರು! ಒಂದು ಬಸ್ಸೂ ಕೆಲವು ಕಾರುಗಳೂ ಸೇತುವೆಯೊಡನೆ ಕೆಳಗಿಳಿದುವು. ಹಲವರಿಗೆ ಗಾಯಗಳಾದರೂ ಪುಣ್ಯವಶಾತ್ ಯಾರೂ ಸಾಯಲಿಲ್ಲ.

ಈ ಸೇತುವೆಯ ಉಕ್ಕು ವಿಶೇಷ ಬಗೆಯದು. ಮೊದಲು ಮೂಡುವ ತುಕ್ಕಿನ ತೆಳುಪದರವೇ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಬಣ್ಣ ಬಳಿಯುವ ಅಗತ್ಯವಿಲ್ಲ. ಆದರೆ ಒಂದು ಷರತ್ತುಂಟು: ಉಕ್ಕು ಆಗಾಗ ಒಣಗಬೇಕು. ಸೇತುವೆಯ ಮೇಲಿನ ನೀರು ಹರಿದುಹೋಗುವ ತೂಬುಗಳು ಕಸ ಕಟ್ಟಿ ಮುಚ್ಚಿಹೋಗಿದ್ದುವು. ನೀರೂ ಕೊಳೆಯೂ ಇಳಿದು ಸೇತುವೆಯ ಕಾಲುಗಳ ಬುಡದಲ್ಲಿ ನಿಂತುವು. ಒದ್ದೆಯಾಗಿಯೇ ಉಳಿದ ಉಕ್ಕು ಪದರಪದರವಾಗಿ ಸವೆದು ತೂತುಬಿದ್ದಿತು. ಇದನ್ನು ಪರೀಕ್ಷಕರು ಕಂಡಿರಲಿಲ್ಲವೆ? ಕಂಡಿದ್ದರು, ಚಿತ್ರ ತೆಗೆದಿದ್ದರು, ತೂಬುಗಳನ್ನು ಬಿಡಿಸಿರಿ, ಉಕ್ಕನ್ನು ದುರಸ್ತಿ ಮಾಡಿರಿ ಎಂದು ವರದಿಯ ಮೇಲೆ ವರದಿ ಬರೆದಿದ್ದರು. ೨೦೧೧ರಿಂದಲೂ ಸೇತುವೆ ಕಳಪೆಯೆಂಬ ವರ್ಗದಲ್ಲಿಯೇ ಇದ್ದಿತು. ಹೊಣೆ ಹೊತ್ತವರು ಆ ಸಲಹೆಗಳನ್ನು ನಡೆಸಲಿಲ್ಲವೆಂದು ರಾಷ್ಟ್ರೀಯ ತನಿಖಾ ಮಂಡಲಿ ೨೦೨೪ರ ವರದಿಯಲ್ಲಿ ಹೇಳಿತು. ಡಾಂಬರಿನ ನಿಜವಾದ ದಪ್ಪವನ್ನು ಹಿಡಿಯದೆ ಭಾರದ ಲೆಕ್ಕವನ್ನೂ ತಪ್ಪಾಗಿ ಹಾಕಿದ್ದರು. ಲೆಕ್ಕ ಸರಿಯಾಗಿದ್ದಿದ್ದರೆ ಸೇತುವೆಯನ್ನು ಮೊದಲೇ ಮುಚ್ಚಬೇಕಾಗುತ್ತಿತ್ತು. ಒಂದು ಸಲಿಕೆ, ಒಂದು ಕೊಡ ನೀರು, ಇಬ್ಬರು ಆಳುಗಳಿಂದ ಮೊದಲಲ್ಲಿಯೇ ಆಗಬಹುದಾಗಿದ್ದ ಕೆಲಸವದು.

ನಮ್ಮಲ್ಲಿ

ಈ ಮಾತು ದೂರದ ದೇಶದ ಮಾತೆಂದು ತಿಳಿಯಬಾರದು. ೨೦೧೬ರ ಆಗಸ್ಟ್ ೨ರ ರಾತ್ರಿ ಮಹಾರಾಷ್ಟ್ರದ ಮಹಾಡದ ಬಳಿ ಸಾವಿತ್ರಿ ನದಿಯ ಪ್ರವಾಹದಲ್ಲಿ ಬ್ರಿಟಿಷರ ಕಾಲದ ಕಲ್ಲುಕಮಾನಿನ ಸೇತುವೆ ಕೊಚ್ಚಿಹೋಗಿ, ಬಸ್ಸುಗಳು ನೀರುಪಾಲಾದುವು. ೨೦೨೪ರ ಆಗಸ್ಟ್ ೭ರ ನಡುರಾತ್ರಿ ಕಳೆದ ಮೇಲೆ ನಮ್ಮ ಕಾರವಾರವನ್ನು ಸದಾಶಿವಗಡಕ್ಕೆ ಕೂಡಿಸುವ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದಕ್ಕೆ ಆಗ ವಯಸ್ಸು ಸುಮಾರು ನಾಲ್ಕು ದಶಕ. ಲಾರಿಯೊಂದು ನದಿಗೆ ಬಿದ್ದಿತು. ಚಾಲಕನನ್ನು ಜೀವಸಹಿತ ಕಾಪಾಡಿದರು. ಅದೇ ಕುಸಿತ ಹಗಲಿನ ಜನದಟ್ಟಣೆಯಲ್ಲಿ ಆಗಿದ್ದರೆ ಗತಿಯೇನಾಗುತ್ತಿತ್ತೆಂಬುದನ್ನು ಊಹಿಸಬಹುದು.

ನಮ್ಮ ದೇಶದಲ್ಲಿಯೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಸೇತುವೆಗಳ ಪರೀಕ್ಷೆಗೆ ಮಾರ್ಗಸೂಚಿಗಳನ್ನು ಹೊರಡಿಸಿದೆ. ವಾಡಿಕೆಯ ಪರೀಕ್ಷೆ, ಎಲ್ಲ ಅಂಗಗಳನ್ನೂ ಹತ್ತಿರದಿಂದ ನೋಡುವ ಪ್ರಧಾನ ಪರೀಕ್ಷೆ, ಪ್ರವಾಹ ಭೂಕಂಪಗಳಂತಹ ಸಂದರ್ಭಗಳ ವಿಶೇಷ ಪರೀಕ್ಷೆ ಎಂದು ಅದು ವಿಂಗಡಿಸುತ್ತದೆ. ೨೦೧೬ರಲ್ಲಿ ಕೇಂದ್ರ ಸರ್ಕಾರವು ಸೇತುವೆಗಳನ್ನೆಲ್ಲ ಎಣಿಸಿ, ಪ್ರತಿಯೊಂದಕ್ಕೂ ಗುರುತಿನ ಸಂಖ್ಯ ಕೊಟ್ಟು, ಸ್ಥಿತಿಯನ್ನು ದಾಖಲಿಸುವ ವ್ಯವಸ್ಥೆಯೊಂದನ್ನು ಆರಂಭಿಸಿತು. ಇವೆಲ್ಲವೂ ಬೇಕಾದುವೇ. ಆದರೆ ಪಟ್ಟಿಯೂ ಅಂಕವೂ ಸೇತುವೆಯನ್ನು ಎತ್ತಿ ಹಿಡಿಯಲಾರವು ಎಂಬುದಕ್ಕೆ ಮೇಲೆ ಹೇಳಿದ ಕಥೆಗಳೇ ಪ್ರಮಾಣ. ಬೆಳ್ಳಿ ಸೇತುವೆಯಲ್ಲಿ ನೋಡಲು ಸಾಧ್ಯವಿರಲಿಲ್ಲ. ಮಿನಿಯಾಪೊಲಿಸಿನಲ್ಲಿ ಕಂಡುದನ್ನು ಲೆಕ್ಕಕ್ಕೆ ತರಲಿಲ್ಲ. ಪಿಟ್ಸ್‌ಬರ್ಗಿನಲ್ಲಿ ಬರೆದುದನ್ನು ನಡೆಸಲಿಲ್ಲ. ಮೆಂಫಿಸಿನಲ್ಲಿ ತಡವಾಗಿಯಾದರೂ ಮೂರೂ ನಡೆದುವು. ಸೇತುವೆ ಉಳಿಯಿತು, ಜನವೂ ಉಳಿದರು.

ವಿದ್ಯಾರ್ಥಿಗಳಾದ ಓದುಗರು ಮುಂದಿನ ಸಲ ಊರಿನ ಸೇತುವೆಯನ್ನು ದಾಟುವಾಗ ಒಂದು ನಿಮಿಷ ನಿಂತು ನೋಡಬಹುದು. ಬದಿಯ ತೂಬುಗಳು ತೆರೆದಿವೆಯೆ? ಸಂದುಗಳಲ್ಲಿ ಮಣ್ಣು ತುಂಬಿದೆಯೆ? ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯೊಂದು ಬೇರು ಬಿಟ್ಟಿದೆಯೆ? ಕಾಂಕ್ರೀಟಿನ ಚಕ್ಕೆ ಉದುರಿ ಕೆಂಪು ಸರಳು ಕಾಣುತ್ತಿದೆಯೆ? ಕಂಡುಬಂದರೆ ರಸ್ತೆಯ ಹೊಣೆಯುಳ್ಳ ಇಲಾಖೆಗೆ ಒಂದು ಕಾಗದ ಬರೆಯುವುದು ಪ್ರತಿಯೊಬ್ಬ ನಾಗರಿಕನ ಕೈಲಾದ ಕೆಲಸ. ಸಸಿ ಎರಡೆಲೆಯದಾಗಿರುವಾಗ ಬೆರಳಿನಿಂದ ಕೀಳಬಹುದು; ಬೇರು ಕಲ್ಲನ್ನು ಸೀಳಿದ ಮೇಲೆ ಸೇತುವೆಯನ್ನೇ ಬಿಚ್ಚಬೇಕಾಗುತ್ತದೆ.